ಕರುಳಿನ ಕಾರ್ಯವನ್ನು ಕಂಡವರು

ಹೃದಯಕ್ಕೂ ಮೆದುಳಿಗೂ ಸಂದ ಗೌರವದ ಶತಾಂಶವೂ ಕರುಳಿಗೆ ಸಂದಿಲ್ಲ. ಮಲದ ಮಾರ್ಗವೆಂಬ ಜುಗುಪ್ಸೆಯಿಂದ ಅದನ್ನು ಕೇವಲ ಒಂದು ನಾಳವೆಂದು ಬಗೆದವರೇ ಬಹುಮಂದಿ. ಆ ಜುಗುಪ್ಸೆಯನ್ನು ಗೆದ್ದ ಪ್ರಾಚೀನರಲ್ಲಿ ಸುಶ್ರುತನು ಸ್ಮರಣೀಯನು. ಮೃತದೇಹವನ್ನು ಮುಂಜದ ಹುಲ್ಲಿನಿಂದ ಸುತ್ತಿ, ಪಂಜರದೊಳಗಿರಿಸಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಸಿ, ಲಾವಂಚ, ಕೂದಲು, ಬಿದಿರುಗಳ ಕುಂಚದಿಂದ ತೊಗಲನ್ನು ಮೆಲ್ಲಮೆಲ್ಲನೆ ಉಜ್ಜಿ ತೆಗೆಯುತ್ತ ಅಂಗಾಂಗಗಳನ್ನು ಕಣ್ಣಾರೆ ಕಾಣಬೇಕೆಂದು ವಿಧಿಸಿದ ಅವನ ಸಂಹಿತೆಯು, ಪುರುಷನ ಕರುಳಿನ ಉದ್ದ ಮೂರೂವರೆ ವ್ಯಾಮವೆನ್ನುತ್ತದೆ. ವ್ಯಾಮವೆಂದರೆ ನಮ್ಮ ಮಾರು. ಲೆಕ್ಕಹಾಕಿದರೆ ಸುಮಾರು 21 ಅಡಿ. ಸಣ್ಣ ಕರುಳಿಗೆ ಸುಮಾರು 20 ಅಡಿ, ದೊಡ್ಡ ಕರುಳಿಗೆ 5 ಅಡಿ ಎನ್ನುವ ಇಂದಿನ ಅಳತೆಗೆ ಇದು ಎಷ್ಟು ಸಮೀಪ! ಹರಿದ ಕರುಳಿನ ಅಂಚುಗಳನ್ನು ಕಪ್ಪಿರುವೆಗಳಿಂದ ಕಚ್ಚಿಸಿ ಕೂಡಿಸುವ ಚಿಕಿತ್ಸೆಯೂ ಅಲ್ಲಿದೆ. ಆದರೆ ಹೆಣದ ಕರುಳು ಅಳತೆಯನ್ನು ಕೊಟ್ಟೀತೇ ಹೊರತು ತನ್ನ ಕಾರ್ಯವನ್ನು ತೋರಿಸಲಾರದಷ್ಟೆ.

1622ರ ಜುಲೈ 23ರಂದು ಇಟಲಿಯ ಮಿಲಾನ್ ನಗರದಲ್ಲಿ ಗಾಸ್ಪಾರೆ ಅಸೆಲ್ಲಿ ಎಂಬ ವೈದ್ಯನು, ಮಿತ್ರರಿಗೆ ಕೆಲವು ನರಗಳನ್ನೂ ವಪೆಯ ಚಲನೆಯನ್ನೂ ತೋರಿಸಲೆಂದು, ಹೊಟ್ಟೆತುಂಬ ತಿಂದಿದ್ದ ನಾಯಿಯೊಂದನ್ನು ಜೀವಂತವಾಗಿಯೇ ಸೀಳಿದಾಗ, ಕರುಳಿನ ಮೇಲೂ ಅದನ್ನು ಹಿಡಿದಿರುವ ತೆಳುಪೊರೆಯ ಮೇಲೂ ಅಸಂಖ್ಯವಾದ ಬಿಳಿಯ ಎಳೆಗಳು ಹಬ್ಬಿದ್ದುದನ್ನು ಕಂಡನು. ನರಗಳಿರಬೇಕೆಂದು ಒಂದನ್ನು ಕೊಯ್ದನು. ಹಾಲಿನಂತಹ ರಸ ಚಿಮ್ಮಿತು. ಬಳಿಕ ಇನ್ನೊಂದು ನಾಯಿಯನ್ನು ಸೀಳಿದರೆ ಎಳೆಯೊಂದೂ ಇಲ್ಲ! ಅದು ಹಸಿದಿದ್ದ ನಾಯಿಯೆಂಬುದು ಹೊಳೆದು, ಉಣಿಸಿದ ನಾಯಿಯಲ್ಲಿ ಹುಡುಕಿದಾಗ ಅವು ಮತ್ತೆ ಕಂಡವು. ಆಹಾರದ ಜಿಡ್ಡನ್ನು ಸಣ್ಣ ಕರುಳಿನ ಗೋಡೆಯಿಂದ ಒಯ್ಯುವ ನಾಳಗಳವು. ಅವು ಯಕೃತ್ತನ್ನು ಸೇರುವುವೆಂಬ ಅವನ ಊಹೆಯನ್ನು 1651ರಲ್ಲಿ ಫ್ರಾನ್ಸಿನ ಜಾನ್ ಪೆಕೆ ತಿದ್ದಿದನು. ಆ ಮೂಕಪ್ರಾಣಿಗಳ ವೇದನೆಯನ್ನು ನೆನೆದರೆ ಮನಸ್ಸು ಕಲಕುತ್ತದೆ. ನಮ್ಮ ಅರಿವಿನ ಮೇಲೆ ಅವುಗಳ ಋಣವೂ ಇದೆಯೆಂಬುದನ್ನು ಮರೆಯಲಾಗದು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಬೇಲಿಸ್ ಮತ್ತು ಸ್ಟಾರ್ಲಿಂಗ್, ಕರುಳೊಳಗಿನ ಗ್ರಾಸದ ಹಿಂದೆ ಸಂಕೋಚವೂ ಮುಂದೆ ಸಡಿಲವೂ ಉಂಟಾಗುತ್ತ ಅದು ಮುಂದೆ ಸರಿಯುವುದೆಂದೂ, ಹೊರಗಿನ ನರಗಳನ್ನು ಕಡಿದರೂ ಈ ಚಲನೆ ನಿಲ್ಲದೆಂದೂ 1899ರಲ್ಲಿ ತೋರಿಸಿದ್ದರು. ಜಠರದ ಆಮ್ಲವು ಸಣ್ಣ ಕರುಳಿಗಿಳಿದೊಡನೆ ಮೇದೋಜೀರಕ ಗ್ರಂಥಿಯು ರಸವನ್ನು ಸುರಿಸುವುದು ನರಗಳ ಆಜ್ಞೆಯಿಂದಲೇ ಎಂದು ರಷ್ಯದ ಪಾವ್ಲೋವನ ಪಂಥ ನಂಬಿದ್ದಿತು. 1902ರ ಜನವರಿ 16ರಂದು ಬೇಲಿಸ್ ಮತ್ತು ಸ್ಟಾರ್ಲಿಂಗ್, ಪ್ರಜ್ಞೆ ತಪ್ಪಿಸಿದ ನಾಯಿಯ ಸಣ್ಣ ಕರುಳಿನ ಒಂದು ತುಂಡನ್ನು ಎರಡು ತುದಿಯಲ್ಲೂ ಕಟ್ಟಿ, ರಕ್ತನಾಳಗಳನ್ನು ಮಾತ್ರ ಉಳಿಸಿ ನರಗಳನ್ನೆಲ್ಲ ಕಡಿದು, ಒಳಗೆ ಆಮ್ಲವನ್ನು ಬಿಟ್ಟರು. ರಸ ಎಂದಿನಂತೆಯೇ ತೊಟ್ಟಿಕ್ಕಿತು! ಸ್ಟಾರ್ಲಿಂಗ್ ಕೂಡಲೇ ಕರುಳಿನ ಒಳಪೊರೆಯನ್ನು ಕೆರೆದು, ಮರಳು ಮತ್ತು ಆಮ್ಲದೊಡನೆ ಅರೆದು, ಸೋಸಿ, ನಾಯಿಯ ಕತ್ತಿನ ಅಭಿಧಮನಿಗೆ ಚುಚ್ಚಿದನು. ಕೆಲವು ಕ್ಷಣಗಳಲ್ಲೇ ರಸ ಹರಿಯಿತು. ಆಜ್ಞೆಯನ್ನು ನರಗಳ ಮೂಲಕವಲ್ಲದೆ ರಕ್ತದ ಮೂಲಕ ಒಯ್ಯುವ ಹಾರ್ಮೋನುಗಳ ವಿಜ್ಞಾನಕ್ಕೆ ತಳಹದಿ ಹಾಕಿದುದು ಹೀಗೆ ಕರುಳಿನ ಒಳಪೊರೆಯೇ. ಪಾವ್ಲೋವನು ತನ್ನ ಪ್ರಯೋಗಶಾಲೆಯಲ್ಲಿ ಈ ಪ್ರಯೋಗವನ್ನು ಮಾಡಿಸಿ ನೋಡಿ ಸತ್ಯವನ್ನೊಪ್ಪಿದನು. ಇದು ಅವನ ದೊಡ್ಡತನ.

ದೊಡ್ಡ ಕರುಳಿಗೆ ನ್ಯಾಯ ದೊರೆಯಲು ಇನ್ನೂ ತಡವಾಯಿತು. ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ಮೆಚ್ನಿಕೋವ್ ಅದನ್ನು ವಿಷದ ಮೂಲವೆಂದು ದೂಷಿಸಿದನು. ಲಂಡನ್ನಿನ ಗೈಸ್ ಆಸ್ಪತ್ರೆಯ ಶಸ್ತ್ರವೈದ್ಯ ಆರ್ಬತ್ನಾಟ್ ಲೇನ್ ಮಲಬದ್ಧತೆಯ ರೋಗಿಗಳಲ್ಲಿ ಅದನ್ನು ಕೊಯ್ದೇ ತೆಗೆಯುತ್ತಿದ್ದನು. ದಿನವೊಂದಕ್ಕೆ ಕುಡಿದ ನೀರೂ ಪಾಚಕರಸಗಳೂ ಸೇರಿ ಸಣ್ಣ ಕರುಳಿಗೆ ಬರುವ ಸುಮಾರು 9 ಲೀಟರ್ ದ್ರವದಲ್ಲಿ ಬಹುಭಾಗವನ್ನು ಅದೇ ಹೀರಿಕೊಂಡರೂ, ಉಳಿದ ಲೀಟರು ಒಂದೂವರೆಯನ್ನು ದೇಹಕ್ಕೆ ಹಿಂದಿರುಗಿಸುವುದು ದೊಡ್ಡ ಕರುಳು. ಅಲ್ಲಿಯ ಸೂಕ್ಷ್ಮಾಣುಗಳು ನಾವು ಜೀರ್ಣಿಸಲಾರದ ನಾರನ್ನು ಹುಳಿಯಿಸಿ, ಆ ಕರುಳಿನ ಗೋಡೆಗೆ ಅನ್ನವಾಗುವ ಆಮ್ಲಗಳನ್ನು ಕೊಡುತ್ತವೆ. ಇಂತಹ ಅಂಗವನ್ನು ನಿರುಪಯುಕ್ತವೆಂದು ಕೊಯ್ದುದು ವೈದ್ಯಚರಿತ್ರೆಯ ಒಂದು ದುಡುಕು. ಲೇನನೇ ಮುಂದೆ ಶಸ್ತ್ರವನ್ನು ಬಿಟ್ಟು ಪಥ್ಯದ ಕಡೆ ತಿರುಗಿ, 1925ರಲ್ಲಿ ‘ನ್ಯೂ ಹೆಲ್ತ್ ಸೊಸೈಟಿ’ಯನ್ನು ಸ್ಥಾಪಿಸಿ, ತೌಡು ತೆಗೆಯದ ಹಿಟ್ಟಿನ ರೊಟ್ಟಿಯನ್ನೂ ಹಣ್ಣು ತರಕಾರಿಗಳನ್ನೂ ತಿನ್ನಿರೆಂದು ಜನರಿಗೆ ಬೋಧಿಸಿದನು.