ಅಕ್ಷರವಿಲ್ಲದ ಶಾಸನ

1993ರಲ್ಲಿ ಅಮೆರಿಕದ ವಿಜ್ಞಾನಿಗಳು ಗ್ರೀನ್‌ಲ್ಯಾಂಡಿನ ಹಿಮಹಾಸಿನ ನೆತ್ತಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಕೊರೆದು, ತಳದ ಬಂಡೆಯ ತುಂಡೊಂದನ್ನು ಮೇಲೆತ್ತಿದರು. ಆಕಾಶಕ್ಕೆ ತೆರೆದ ಬಂಡೆಯನ್ನು ವಿಶ್ವಕಿರಣಗಳು ತಾಕಿದಾಗ ಅದರ ಸ್ಫಟಿಕಗಳಲ್ಲಿ ಬೆರಿಲಿಯಂ-10, ಅಲ್ಯೂಮಿನಿಯಂ-26 ಪರಮಾಣುಗಳು ಹುಟ್ಟುತ್ತವೆ. ದಪ್ಪ ಹಿಮ ಮುಚ್ಚಿದರೆ ಹುಟ್ಟು ನಿಲ್ಲುತ್ತದೆ. ಇದ್ದವು ಬೇರೆ ಬೇರೆ ವೇಗದಲ್ಲಿ ಕ್ಷಯಿಸುತ್ತವೆ. ಉಳಿದವುಗಳ ಪ್ರಮಾಣವೇ ಬಂಡೆ ಬಯಲಲ್ಲಿದ್ದ ಕಾಲದ ಲೆಕ್ಕ.

2016ರಲ್ಲಿ ಯೋರ್ಗ್ ಶೇಫರ್ ಮತ್ತು ಸಂಗಡಿಗರು ಆ ತುಂಡಿನಲ್ಲಿ ಇವೆರಡನ್ನೂ ಅಳೆದು ಪ್ರಕಟಿಸಿದರು. ಕಳೆದ 26 ಲಕ್ಷ ವರ್ಷಗಳೊಳಗೇ ಆ ನೆಲ ದೀರ್ಘಕಾಲ, ಬಹುಶಃ 2.8 ಲಕ್ಷ ವರ್ಷಗಳಿಗೂ ಹೆಚ್ಚು, ಹಿಮವಿಲ್ಲದೆ ಇತ್ತು. ಶಾಶ್ವತವೆಂದು ತೋರುವ ಹಿಮಹಾಸು ಹಿಂದೊಮ್ಮೆ ಬಹುಪಾಲು ಕರಗಿತ್ತು. ಪೂರ್ತಿ ಕರಗಿದರೆ ಜಗತ್ತಿನ ಕಡಲಮಟ್ಟ ಸುಮಾರು 7 ಮೀಟರ್ ಏರುತ್ತದೆ. ಮುಂಬಯಿ, ಚೆನ್ನೈಗಳ ಕಡಲಂಚಿನಲ್ಲಿ ಮನೆ ಮಾಡಿಕೊಂಡ ನಾವು ಈ ಶಾಸನವನ್ನು ಓದಲೇಬೇಕಾಗಿದೆ.