ಕಲ್ಲಿನ ಬರಹ, ಗಣಕದ ಕೀಲಿ

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಅದು ಬಯಲಲ್ಲೇ ಇತ್ತು. ಯಾರೂ ಅದನ್ನು ಮುಚ್ಚಿಟ್ಟಿರಲಿಲ್ಲ. ಆದರೂ ಬ್ರಾಹ್ಮಿ ಲಿಪಿಯನ್ನು ಜನ ಮರೆತ ಮೇಲೆ ಅದು ಬರಿಯ ಗೀರುಗಳಾಗಿ ಉಳಿಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯ ಗುಟ್ಟನ್ನು ಬಿಡಿಸಿದ್ದರಿಂದಲೇ, 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿಯ ಶಾಸನವನ್ನು ಪತ್ತೆ ಮಾಡಿದಾಗ ಅದನ್ನು ಓದಲು ಸಾಧ್ಯವಾಯಿತು. ಮುಂದೆ ರೈಸ್ ಅವರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೊದಲಾದ ತಾಲ್ಲೂಕುಗಳ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂದು ಸಂಪುಟದಲ್ಲಿ ಅಚ್ಚು ಹಾಕಿಸಿದರು. ಅನುವಾದದ ಜೊತೆಗೆ ಮೂಲಪಾಠವನ್ನೂ ಕೊಟ್ಟರು. ಹಾಗಾಗಿ ಅವರ ಓದಿನಲ್ಲಿ ತಪ್ಪಿದ್ದರೆ ತಿದ್ದುವ ಅವಕಾಶ ಮುಂದಿನ ವಿದ್ವಾಂಸರಿಗೆ ಉಳಿಯಿತು.

ಬರಹ ಕಣ್ಣೆದುರಿಗಿದ್ದರೆ ಸಾಲದು, ಅದರ ಕೀಲಿಯೂ ಕೈಯಲ್ಲಿರಬೇಕು. ಕಂಪ್ಯೂಟರ್ ತಂತ್ರಾಂಶದ ಲೋಕದಲ್ಲಿ ದಶಕಗಳಿಂದ ನಡೆದಿರುವ ವಾದದ ತಿರುಳೂ ಇದೇ.

ತಂತ್ರಾಂಶವನ್ನು ಬರೆಯುವವರು ಮೊದಲು ಮನುಷ್ಯರು ಓದಬಲ್ಲ ಭಾಷೆಯಲ್ಲಿ ಬರೆಯುತ್ತಾರೆ. ಅದೇ 'ಸೋರ್ಸ್ ಕೋಡ್'. ಒಡೆತನದ ತಂತ್ರಾಂಶದಲ್ಲಿ ಇದನ್ನು ಕಂಪನಿ ತನ್ನಲ್ಲೇ ಇಟ್ಟುಕೊಂಡು ಬಳಸುವ ಹಕ್ಕನ್ನಷ್ಟೇ ಕೊಡುತ್ತದೆ. ಮುಕ್ತ ತಂತ್ರಾಂಶದಲ್ಲಿ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿರುತ್ತದೆ. ಅದನ್ನು ಓದಬಹುದು, ತಿದ್ದಬಹುದು, ಹಂಚಬಹುದು. ಅಮೆರಿಕದ ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಅವರಿಗೆ, ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿದ್ದ ಮುದ್ರಣ ಯಂತ್ರವೊಂದರ ಸೋರ್ಸ್ ಕೋಡ್ ಸಿಗಲಿಲ್ಲ. ಆ ಬೇಸರವೂ ಸೇರಿ 1983ರಲ್ಲಿ ಅವರು 'ಗ್ನೂ' ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 'ಲಿನಕ್ಸ್' ಹೊರತಂದರು.

ಕನ್ನಡದ ಕಥೆ ಇದಕ್ಕಿಂತ ಕೊಂಚ ಬೇರೆ. ಕೆ.ಪಿ. ರಾವ್ ಅವರು ಕನ್ನಡದ ಧ್ವನಿಕ್ರಮಕ್ಕೆ ಒಗ್ಗುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿ, ಹಣ ಕೇಳದೆ ನಾಡಿಗೆ ಬಿಟ್ಟುಕೊಟ್ಟರು. ಅಚ್ಚಿನ ಮನೆಗಳಲ್ಲಿ ಪುಣೆಯ ಕಂಪನಿಯ 'ಶ್ರೀಲಿಪಿ' ನೆಲೆಯೂರಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳನ್ನು ಸೇರಿತು. ಬರಹ, ನುಡಿಗಳು ಉಚಿತವಾಗಿ ಸಿಕ್ಕಿದ್ದರಿಂದ ಸಾವಿರಾರು ಜನ ಕನ್ನಡದಲ್ಲಿ ಟೈಪ್ ಮಾಡಲು ಕಲಿತರು. ಆ ಉಪಕಾರ ದೊಡ್ಡದು. ಆದರೆ ಉಚಿತವಾದದ್ದೆಲ್ಲ ಮುಕ್ತವಲ್ಲ. ಬೆಲೆ ಇರಲಿಲ್ಲ ನಿಜ, ಸೋರ್ಸ್ ಕೋಡ್ ಜನರ ಕೈಗೆ ಬಂದಿರಲಿಲ್ಲ.

ಇದರ ಪೆಟ್ಟು ಬಿದ್ದದ್ದು ಸಾಮಾನ್ಯರಿಗೆ. ಅಂದಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು, ಒತ್ತುಗಳನ್ನು ಕೂರಿಸುತ್ತಿದ್ದವು. ಕೂರಿಸುವ ಕ್ರಮ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಬಗೆ. ಹೊಳಲ್ಕೆರೆಯ ಅಂಗಡಿಯಲ್ಲಿ ಟೈಪ್ ಮಾಡಿಸಿದ ಅರ್ಜಿಯನ್ನು ಆ ಫಾಂಟ್ ಇಲ್ಲದ ಚಿತ್ರದುರ್ಗದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಬ್ರಹ್ಮಗಿರಿಯ ಬಂಡೆಯ ಮುಂದೆ ನಿಂತ ದನಗಾಹಿಗಾದ ಅನುಭವವೇ ಇದು.

ಬಿಡುಗಡೆಯ ದಾರಿ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಗಿತ್ತು. ಇದರಲ್ಲಿ ಪ್ರತಿ ಅಕ್ಷರಕ್ಕೂ ಲೋಕಮಾನ್ಯವಾದ ಒಂದೇ ಸಂಖ್ಯೆ. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಇದು ಬಳಕೆಗೆ ಬರಲು ವರ್ಷಗಳೇ ಹಿಡಿದವು. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವನ್ನು, 'ಗುಬ್ಬಿ', 'ನವಿಲು' ಎಂಬ ಫಾಂಟ್‌ಗಳನ್ನು ಅರವಿಂದ ವಿ.ಕೆ. ಮುಕ್ತ ಪರವಾನಗಿಯಲ್ಲೇ ಹೊರತಂದರು.

ಒಡೆತನದ ಪರ ಮಾತನಾಡುವವರ ಮಾತಿನಲ್ಲೂ ಹುರುಳಿದೆ. ತಂತ್ರಾಂಶ ಬರೆಯುವವರ ಹೊಟ್ಟೆಪಾಡು ನಡೆಯಬೇಕಲ್ಲವೇ? ಕೆಟ್ಟರೆ ಫೋನ್ ಮಾಡಿ ಕೇಳಲು ಒಬ್ಬರಿರಬೇಕಲ್ಲವೇ? ಶ್ರೀಲಿಪಿಯಂಥವು ಇರದಿದ್ದರೆ ಕನ್ನಡದ ಅಚ್ಚಿನ ಮನೆಗಳು ಅಷ್ಟು ಬೇಗ ಕಂಪ್ಯೂಟರಿಗೆ ಹೊರಳುವುದು ಸುಲಭವಿರಲಿಲ್ಲ. ಇತ್ತ ಮುಕ್ತ ತಂತ್ರಾಂಶವೂ ತಾನಾಗಿ ಬೆಳೆಯುವುದಿಲ್ಲ. ಕೋಡ್ ತೆರೆದಿಟ್ಟರೂ ತಿದ್ದುವ ಕೈಗಳಿಲ್ಲದಿದ್ದರೆ ಅದು ಹಾಳುಬಿದ್ದ ಕೆರೆಯಂತೆ.

ಖಾಸಗಿ ಪತ್ರಕ್ಕೆ ಯಾವ ತಂತ್ರಾಂಶವಾದರೂ ಆದೀತು. ಸಾರ್ವಜನಿಕ ದಾಖಲೆಯ ಮಾತು ಬೇರೆ. 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಹಿರಿಯೂರು, ಹೊಸದುರ್ಗದ ರೈತರ ಹೊಲಗಳೂ ಅದರಲ್ಲಿವೆ. ಇಂಥ ದಾಖಲೆ ತಂತ್ರಾಂಶ ಮಾಡಿದ ಕಂಪನಿಗಿಂತ, ಕೊಂಡ ಕಂಪ್ಯೂಟರಿಗಿಂತ ಹೆಚ್ಚು ಕಾಲ ಬಾಳಬೇಕು. 2015ರಲ್ಲಿ ಕೇಂದ್ರ ಸರ್ಕಾರ ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿ ಪ್ರಕಟಿಸಿದ್ದು ಸರಿಯಾದ ಹೆಜ್ಜೆ.

ಬ್ರಾಹ್ಮಿಯ ಕೀಲಿ ಕಳೆದದ್ದು ಕಾಲದ ಮಹಿಮೆ. ಅದನ್ನು ಬಿಡಿಸಲು ಒಬ್ಬ ಪ್ರಿನ್ಸೆಪ್ ಬರಬೇಕಾಯಿತು. ರೈತನ ಪಹಣಿಯನ್ನು ಅವನ ಮೊಮ್ಮಗ ಓದಲು ಇನ್ನೊಬ್ಬ ಪ್ರಿನ್ಸೆಪ್‌ಗಾಗಿ ಕಾಯುವಂತಾಗಬಾರದು.