ಮುಚ್ಚಿದ ಶಾಲೆಯ ಮೇಲೆ ಸಾಕ್ಷಿ ಹೇಳಿದವರು

2020ರ ಜುಲೈನಲ್ಲಿ ದಕ್ಷಿಣ ಕೊರಿಯಾದಿಂದ ಒಂದು ಅಂಕಿ ಬಂತು. 10ರಿಂದ 19 ವರ್ಷದ ಕೊರೊನಾ ರೋಗಿಗಳ ಮನೆಯವರಲ್ಲಿ ನೂರಕ್ಕೆ 18.6 ಮಂದಿಗೆ ಸೋಂಕು. ದೊಡ್ಡವರಷ್ಟೇ ಇವರೂ ರೋಗ ಹರಡ್ತಾರೆ ಅಂತ ಪತ್ರಿಕೆಗಳು ಲೋಕಕ್ಕೆಲ್ಲ ಡಂಗುರ ಸಾರಿದವು. ಶಾಲೆ ತೆಗೀಬೇಡಿ ಅನ್ನೋರ ಕೈಗೆ ದೊಣ್ಣೆ ಸಿಕ್ಕಿತು.

ಆ ಲೆಕ್ಕ ಯಾವಾಗಿನದು? ಜನವರಿ 20ರಿಂದ ಮಾರ್ಚ್ 27ರ ತನಕದ್ದು. ಕೊರಿಯಾದ ಶಾಲೆಗಳು ಹೆಚ್ಚುಕಮ್ಮಿ ಮುಚ್ಚಿಕೊಂಡೇ ಇದ್ದ ಕಾಲ. ನಡೆಯದ ಶಾಲೆಯ ಬಗ್ಗೆ ಅದೇನು ಸಾಕ್ಷಿ ಹೇಳೀತು? ಎಣಿಸಿದ್ದು ಮನೆಯವರು 231 ಮಂದಿಯನ್ನ, ಸೋಂಕಿದ್ದದ್ದು 43 ಮಂದಿಗೆ. ಮಗನಿಂದ ಅಪ್ಪನಿಗೆ ಬಂತೋ, ಇಬ್ಬರಿಗೂ ಒಂದೇ ಕಡೆಯಿಂದ ತಗುಲಿತೋ, ಅದನ್ನು ಬಿಡಿಸಿರಲಿಲ್ಲ. ಮರುತಿಂಗಳು ಕೊರಿಯಾದವರೇ ಬಿಡಿಸಿ ನೋಡಿದರು. 107 ಮಕ್ಕಳ ಮನೆಗಳಲ್ಲಿ ಮಗುವಿನಿಂದಲೇ ಬಂದದ್ದು ಅಂತ ಕಂಡದ್ದು ಒಂದೇ ಒಂದು. ಇದಕ್ಕೆ ಡಂಗುರ ಇರಲಿಲ್ಲ. (ಇದೂ ಮುಚ್ಚಿದ ಶಾಲೆಗಳ ಕಾಲದ್ದೇ. ಶಾಲೆ ತೆಗೀರಿ ಅನ್ನೋರೂ ಇದನ್ನ ಹಿಡಿದು ಕುಣಿಯೋ ಹಾಗಿರಲಿಲ್ಲ.)

ಕೊರಿಯಾದಲ್ಲಿ ಎಣಿಸುವವರಾದರೂ ಇದ್ದರು. ನಮ್ಮ ಕರ್ನಾಟಕದಲ್ಲಿ? 2020ರ ಆಗಸ್ಟಲ್ಲಿ ವಿದ್ಯಾಗಮ ಬಂತು. ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಮರದ ಕೆಳಗೆ, ಗುಡಿ ಜಗಲಿ ಮೇಲೆ ಪಾಠ ಮಾಡಿದರು. ಗುಡಿ ಜಗಲಿ ಹತ್ತೋಕೆ ನಮ್ಮ ಕೇರಿ ಮಕ್ಕಳಿಗೆ ಅಡ್ಡ ಬರೋದು ಯಾವ ರೋಗ ಅಂತ ನಾನು ಬೇರೆ ಹೇಳಬೇಕಾ? ಅಕ್ಟೋಬರಲ್ಲಿ ಕೆಲವು ಮಕ್ಕಳಿಗೆ, ಮೇಷ್ಟ್ರುಗಳಿಗೆ ಸೋಂಕು ಅಂತ ಸುದ್ದಿಯಾಯಿತು, ವಿದ್ಯಾಗಮ ನಿಂತಿತು. ಮೇಷ್ಟ್ರುಗಳು ಸತ್ತದ್ದು ಸುಳ್ಳಲ್ಲ, ಅವರ ಭಯವೂ ಸುಳ್ಳಲ್ಲ. ಆದರೆ ತಗುಲಿದ್ದು ಪಾಠದಲ್ಲೋ, ಸಂತೆಯಲ್ಲೋ, ಮನೆಯಲ್ಲೋ? ಕೇಳುವ ವ್ಯವಧಾನ ಯಾರಿಗಿತ್ತು?

2021ರ ಜೂನ್-ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಹಲವು ಕಡೆ ರಕ್ತ ಪರೀಕ್ಷಿಸಿತು. 6ರಿಂದ 9 ವರ್ಷದವರಲ್ಲಿ ನೂರಕ್ಕೆ 57 ಮಕ್ಕಳಿಗೆ ಸೋಂಕು ಆಗಲೇ ಬಂದುಹೋಗಿತ್ತು. ಶಾಲೆಗೆ ಬೀಗ ಬಿದ್ದಿದ್ದಾಗ! ತೆಗೆಯೋದಾದರೆ ಮೊದಲು ಪ್ರಾಥಮಿಕ ಶಾಲೆ ತೆಗೀರಿ ಅಂತ ಮಂಡಳಿಯ ಮುಖ್ಯಸ್ಥರು ಹೇಳಿದರು. ಇಲ್ಲಿ ನಡೆದದ್ದು ತಿರುವುಮುರುವು. ಆಗಸ್ಟ್ 23ಕ್ಕೆ ದೊಡ್ಡ ತರಗತಿಗಳು, 1ರಿಂದ 5ಕ್ಕೆ ಅಕ್ಟೋಬರ್ 25.

ಅದೇ ಆಗಸ್ಟಲ್ಲಿ 15 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಬಡವರ ವಸತಿಗಳಲ್ಲಿ ಸುಮಾರು 1400 ಮಕ್ಕಳ ಸಮೀಕ್ಷೆ ನಡೆಯಿತು. ಹಳ್ಳಿಯ ದಲಿತ, ಆದಿವಾಸಿ ಮಕ್ಕಳಲ್ಲಿ ಆನ್‌ಲೈನ್ ಪಾಠ ನಿಯಮಿತವಾಗಿ ಕೇಳ್ತಿದ್ದವರು ನೂರಕ್ಕೆ 4. ಹಳ್ಳಿಯ ಉಳಿದವರಲ್ಲಿ 15. ಬಾಗಿಲು ಮುಚ್ಚೋಕೆ ಗುಮಾನಿ ಸಾಕಾಯಿತು, ತೆಗೆಯೋಕೆ ಮಾತ್ರ ಪುರಾವೆ ಮೇಲೆ ಪುರಾವೆ ಬೇಕಾಯಿತು. 2020ರ ಮಾರ್ಚಲ್ಲಿ 1ನೇ ತರಗತೀಲಿ ಅಕ್ಷರ ತಿದ್ದುತ್ತಿದ್ದ ಮಗು ಆ ಅಕ್ಟೋಬರ್ 25ರಂದು 3ನೇ ತರಗತೀಲಿ ಬಂದು ಕೂತಿತು.